ಹಿಂದಿನ ಸಾಲಿನ ಆರು ಕಂಬಗಳು

ಕಂಬ ಸೋಲುವುದನ್ನು ನೋಡುವುದೇ ನನ್ನ ಹೊಟ್ಟೆಪಾಡು. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ದಲಾಲರ ಒಂದು ಅಡತಿ ಅಂಗಡಿಯ ಮೇಲೆ ನನ್ನದೊಂದು ಕೋಣೆ ಇದೆ. ಒಂದು ಟೇಬಲ್ಲು, ಒಂದು ಕಂಪ್ಯೂಟರು, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಹಳೆಯ ನಕಾಶೆಗಳ ಸುರುಳಿಗಳು ಕೂತಿರುತ್ತವೆ. ಮನುಷ್ಯರು ಕೂರುವುದು ಅಪರೂಪ. ಭೂಮಿ ನಡುಗಿದರೆ ಕಟ್ಟಡ ಏನಾಗುತ್ತದೆ ಎಂದು ಲೆಕ್ಕ ಹಾಕಿ ಹೇಳುವ ಇಂಜಿನಿಯರು ನಾನು. ವಯಸ್ಸು ಐವತ್ತೆರಡು, ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಕಾಲಕ್ಕೆ ಮದುವೆಯೂ ಆಗಿತ್ತು. ಅದು ನಿಂತದ್ದು ಮೂರೇ ವರ್ಷ, ಅದಕ್ಕೆ ಯಾರೂ ಲೆಕ್ಕ ಹಾಕಿರಲಿಲ್ಲ.

ಹುಟ್ಟಿದ್ದು ಗಡಹಿಂಗ್ಲಜದ ಹತ್ತಿರದ ನೂಲದಲ್ಲಿ, ಕನ್ನಡ ಮಾತಾಡುವ ಜೈನರ ಮನೆಯಲ್ಲಿ. ಕೊಲ್ಹಾಪುರಕ್ಕೆ ಬಂದ ಮೇಲೆ ಹಗಲೆಲ್ಲ ಮರಾಠಿ. ಗಿರಾಕಿಗಳ ಜೊತೆ ಮರಾಠಿ, ರಿಕ್ಷಾದವನ ಜೊತೆ ಮರಾಠಿ, ಬೆಲ್ಲದ ನೊಣಗಳು ಮೇಲೆ ಬರುತ್ತವೆಂದು ಕೆಳಗಿನ ಅಡತಿಯವರ ಜೊತೆ ಜಗಳಾಡುವುದೂ ಮರಾಠಿಯಲ್ಲಿ. ಕನ್ನಡ ನನ್ನಲ್ಲಿ ಎಣಿಕೆಯಾಗಿ ಉಳಿದಿತ್ತು. ಕಂಬಗಳನ್ನು ನಾನು ಈಗಲೂ ಒಂದು, ಎರಡು, ಮೂರು ಎಂದೇ ಎಣಿಸುತ್ತೇನೆ, ಸ್ವಲ್ಪ ಜೋರಾಗಿ, ಒಬ್ಬಳೇ ಇರುವುದರಿಂದ.

ಹಾಗಿರುವಾಗ ಇಚಲಕರಂಜಿಯಿಂದ ಒಂದು ಕೆಲಸ ಬಂತು. ಕೆಳಗೆ ವಿದ್ಯುತ್ ಮಗ್ಗಗಳ ಶೆಡ್ಡು, ಮೇಲೆ ಆ ಮಗ್ಗದ ಯಜಮಾನರ ಮನೆ. ಅವರೂ ಕನ್ನಡದ ಜೈನರು, ಮೂರು ತಲೆಮಾರಿನಿಂದ ಅಲ್ಲೇ ನೆಲೆಸಿದವರು. ಸಣ್ಣ ಮಗನ ಮದುವೆ ಗೊತ್ತಾಗಿತ್ತು. ಅವನಿಗಾಗಿ ಮೇಲೆ ಇನ್ನೊಂದು ಮಜಲು ಏರಿಸಬೇಕು, ಹಳೆಯ ಕಂಬಗಳು ತಡೆದಾವೋ ಇಲ್ಲವೋ ನೋಡಿ ಸಹಿ ಮಾಡಿಕೊಡಿ ಎಂದು ಯಜಮಾನರು ಕೇಳಿದರು. ಎಲ್ಲರೂ ಅವರನ್ನು ಅಣ್ಣಾರು ಎನ್ನುತ್ತಿದ್ದರು, ನಾನೂ ಅಂದೆ.

ಇಂಥ ಕೆಲಸದಲ್ಲಿ ಸಾದಾ ಲೆಕ್ಕ ನಡೆಯುವುದಿಲ್ಲ. ಸಾದಾ ಲೆಕ್ಕದ ಕಂಬಕ್ಕೆ ದಣಿವೇ ಇಲ್ಲ. ಎರಡು ಪಟ್ಟು ದೂಡಿದರೆ ಎರಡು ಪಟ್ಟು ಬಾಗುತ್ತದೆ, ಹತ್ತು ಪಟ್ಟು ದೂಡಿದರೆ ಹತ್ತು ಪಟ್ಟು, ಕೈ ಬಿಟ್ಟರೆ ಮತ್ತೆ ನೆಟ್ಟಗೆ. ಅಂಥ ಕಂಬವನ್ನು ನಾನು ಕಂಡಿಲ್ಲ, ಅಂಥ ಮನುಷ್ಯರನ್ನೂ ಕಂಡಿಲ್ಲ. ನಿಜವಾದ ಕಂಬ ಒಂದು ಮಟ್ಟದವರೆಗೆ ತಡೆಯುತ್ತದೆ. ಆಮೇಲೆ ಬಿರುಕು ಬಿಡುತ್ತದೆ, ಒಳಗಿನ ಕಬ್ಬಿಣದ ಸಳಿ ಜಗ್ಗುತ್ತದೆ, ಮೊದಲಿನಂತೆ ಮತ್ತೆ ಆಗುವುದಿಲ್ಲ. ಎಲ್ಲಿ ಜಗ್ಗುತ್ತದೆ, ಎಷ್ಟು ಜಗ್ಗಿದ ಮೇಲೆ ಕೈ ಚೆಲ್ಲುತ್ತದೆ ಎನ್ನುವುದನ್ನು ಸಾಫ್ಟ್‌ವೇರಿಗೆ ನಾವೇ ಹೇಳಿಕೊಡಬೇಕು. ಆ ಜಾಗಕ್ಕೆ ಹಿಂಜ್ ಎನ್ನುತ್ತೇವೆ. ಕಂಬದ ಬುಡಕ್ಕೊಂದು, ತುದಿಗೊಂದು ಹಿಂಜ್ ಕೂಡಿಸಿ ಕಟ್ಟಡವನ್ನು ಪಕ್ಕಕ್ಕೆ ಸ್ವಲ್ಪ ಸ್ವಲ್ಪವೇ ದೂಡುತ್ತ ಹೋದರೆ ಪರದೆಯ ಮೇಲೆ ಚುಕ್ಕೆಗಳು ಬಣ್ಣ ಬದಲಿಸುತ್ತವೆ. ಹಸಿರಿದ್ದರೆ ಚಿಂತೆಯಿಲ್ಲ, ಹಳದಿಯಾದರೆ ಎಚ್ಚರ, ಕೆಂಪಾದರೆ ಆ ಕಂಬ ಹೋಯಿತು.

ಯಂತ್ರಕ್ಕೆ ನಾವು ಕೊಟ್ಟ ಅಳತೆಯೇ ಸತ್ಯ. ಅದು ತಾನಾಗಿ ಎದ್ದು ಹೋಗಿ ಕಂಬ ನೋಡಿ ಬರುವುದಿಲ್ಲ. ಆದ್ದರಿಂದ ನಾನು ಹೋಗಬೇಕಿತ್ತು, ಹೋದೆ.

ಮೊದಲ ಸಲ ಹೋದದ್ದು ಒಂದು ಶನಿವಾರ ಮಧ್ಯಾಹ್ನ. ಮೂರು ಸಾಲು, ಸಾಲಿಗೆ ಆರು, ಒಟ್ಟು ಹದಿನೆಂಟು ಕಂಬ. ಮಗ್ಗಗಳ ಸದ್ದಿನಲ್ಲಿ ಟೇಪು ಹಿಡಿದು ಮುಂದಿನ ಸಾಲು ಅಳೆಯುತ್ತಿದ್ದೆ. ಯಾರೋ ನನ್ನ ತೋಳು ಮುಟ್ಟಿದರು. ಅಣ್ಣಾರ ಹೆಂಡತಿ. ಮನೆಯಲ್ಲಿ ಎಲ್ಲರಿಗೂ ಅವರು ಆಯಿ. ನನ್ನನ್ನು ಅವರು, ಮೇಡಂ ಎನ್ನುವ ಹಾಗೆ, ಬಾಯಾರು ಎನ್ನುತ್ತಿದ್ದರು.

"ಬಾಯಾರ, ಹೊತ್ತ ಮುಳಗಾಕತ್ತೈತಿ. ಏಳ್ರಿ, ಕೈ ತೊಳ್ಕೊಂಡ ಬರ್ರಿ."

"ಇನ್ನೂ ಕೆಲಸ ಐತ್ರಿ ಆಯಿ."

"ಕಂಬ ಎಲ್ಲಿ ಓಡಿ ಹೊಕ್ಕಾವ್ರಿ? ನಾಳೆನೂ ಇಲ್ಲೇ ಇರತಾವ. ನೀವೂ ನಮ್ಮವರ ಅಲ್ಲೇನು?"

ಹೊತ್ತು ಮುಳುಗುವ ಮೊದಲು ಉಣ್ಣುವುದು ನಮ್ಮವರ ನೇಮ. ಆ ನೇಮ ನಾನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೊಲ್ಹಾಪುರದಲ್ಲಿ ನಾನು ಉಣ್ಣುವುದು ಹಸಿವಾದಾಗ, ಕಂಪ್ಯೂಟರಿನ ಮುಂದೆ, ಡಬ್ಬಿಯಿಂದ. ಅಂದು ಆರು ಜನರ ಸಾಲಿನಲ್ಲಿ ನೆಲದ ಮೇಲೆ ಕೂತೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಬೇಡವೆಂದರೂ ತಾಟಿಗೆ ಬಿದ್ದ ಎರಡನೆಯ ರೊಟ್ಟಿ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಎಲ್ಲವೂ ನನಗೆ ಹುಟ್ಟಿನಿಂದ ಗೊತ್ತಿದ್ದ ಮಾತು. ಹಿಂಡಿ ಖಾರವಾಗಿದೆ ಎಂದು ನೆಪ ಹೇಳಿ ನೀರು ಕುಡಿದೆ.

ಆಮೇಲೆ ಮೂರು ಶನಿವಾರ ಹೋದೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಬೆಳಗಿನ ಬಸ್ಸಿಗೆ ಹೋಗಿದ್ದರೆ ಹದಿನೆಂಟು ಕಂಬಗಳನ್ನೂ ಒಂದೇ ದಿನದಲ್ಲಿ ಅಳೆದು ಮುಗಿಸಬಹುದಿತ್ತು. ನಾನು ಬೇಕೆಂದೇ ಮಧ್ಯಾಹ್ನದ ಬಸ್ಸು ಹಿಡಿಯುತ್ತಿದ್ದೆ. ಎರಡು ತಾಸು ಕೆಲಸ ಮಾಡುವಷ್ಟರಲ್ಲಿ ಆಯಿ ಬಂದು ಕರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಟೇಪಿನ ಮೇಲೆ ಕಣ್ಣು, ಮೆಟ್ಟಿಲಿನ ಕಡೆ ಕಿವಿ.

ಹೀಗೆ ಹನ್ನೆರಡು ಕಂಬಗಳಾದವು. ಹಿಂದಿನ ಸಾಲಿನ ಆರು ಉಳಿದವು. ಅವುಗಳ ಮುಂದೆ ತಲೆಗಿಂತ ಎರಡು ಅಡಿ ಎತ್ತರಕ್ಕೆ ನೂಲಿನ ಮೂಟೆಗಳನ್ನು ಒಟ್ಟಿದ್ದರು. ಮೂಟೆಗಳ ಮೇಲಿಂದ ಬೆಳಕು ಬರುತ್ತಿತ್ತು, ಆ ಕಡೆ ತೆರೆದೇ ಇದೆ ಅಂದುಕೊಂಡೆ. ಮೂಟೆ ಸರಿಸಲು ಹೇಳಬೇಕು ಅನ್ನುವಷ್ಟರಲ್ಲಿ ಆಯಿ ಬಂದರು. ಹಳೆಯ ನಕಾಶೆಯಲ್ಲಿ ಆ ಆರೂ ಉಳಿದ ಹನ್ನೆರಡರಂತೆಯೇ ಇದ್ದವು. ಕೊಲ್ಹಾಪುರಕ್ಕೆ ಬಂದು ಅವನ್ನು ನಕಾಶೆಯಿಂದಲೇ ಎತ್ತಿ ಯಂತ್ರಕ್ಕೆ ಕೊಟ್ಟೆ. ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ನಾನು ಮೈಮೇಲೆ ಏರಿ ಹೋಗುತ್ತಿದ್ದೆ.

ಫಲಿತಾಂಶ ಚೆನ್ನಾಗಿ ಬಂತು. ಕಟ್ಟಡ ನಿಧಾನವಾಗಿ ಬಾಗಿತು, ಹಳದಿ ಚುಕ್ಕೆ ನಾಲ್ಕೋ ಐದೋ, ಕೆಂಪು ಒಂದೂ ಇಲ್ಲ. ಅಣ್ಣಾರಿಗೆ ಫೋನು ಮಾಡಿ "ಆಗತೈತ್ರಿ" ಅಂದೆ. ಆಚೆಯಿಂದ ಆಯಿಯ ದನಿ ಕೇಳಿತು: "ಮದವಿಗೆ ಬಾಯಾರು ನಾಲ್ಕ ದಿನಾ ಮೊದಲ ಬರಬೇಕು ಅಂತ ಹೇಳ್ರಿ." ಆ ಮಾತನ್ನು ನಾನು ಒಂದು ವಾರ ಮೆಲುಕು ಹಾಕಿದೆ. ಕಾಗದದ ಮೇಲೆ ಸಹಿ ಮಾತ್ರ ಬಾಕಿ ಇತ್ತು.

ಖಂಡೇನವಮಿಯ ದಿನ ಅಣ್ಣಾರ ಹಿರಿಯ ಸೊಸೆ ಒಂದು ಫೋಟೋ ಕಳಿಸಿದಳು. ಮಗ್ಗಗಳಿಗೆ ಪೂಜೆ ಮಾಡಿ, ಚೆಂಡುಹೂವು ಕಟ್ಟಿ, ಮನೆಯವರೆಲ್ಲ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದರು. ಹಬ್ಬದ ದಿನ ನಾನು ಕೋಣೆಯಲ್ಲಿ ಒಬ್ಬಳೇ ಕಂಪ್ಯೂಟರಿಗೆ ಒಂದು ಹೂವು ಇಟ್ಟು ಕೂತಿದ್ದೆ. ಒಬ್ಬೊಬ್ಬರ ಮುಖವನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಆಯಿಯ ಮುಖ ದೊಡ್ಡದು ಮಾಡಿದಾಗ ಅವರ ಹಿಂದೆ ಇಟ್ಟಿಗೆ ಕಂಡಿತು.

ಪೂಜೆಗೆಂದು ಮೂಟೆಗಳನ್ನು ಹೊರಗೆ ಸಾಗಿಸಿದ್ದರು. ಹಿಂದಿನ ಸಾಲಿನ ಕಂಬಗಳ ನಡುವೆ ಗೋಡೆ ಇತ್ತು, ಇಟ್ಟಿಗೆಯ ವರಸೆ ಎಣಿಸಿದರೆ ಏಳು ಅಡಿ ಎತ್ತರ. ಮಳೆಯ ಎರಚಲಿಗೆ ನೂಲು ತೊಯ್ಯಬಾರದೆಂದು ಯಾವಾಗಲೋ ಕಟ್ಟಿಸಿದ್ದಿರಬೇಕು, ಬೆಳಕಿಗೆಂದು ಮೇಲೆ ನಾಲ್ಕು ಅಡಿ ಬಿಟ್ಟದ್ದು, ಕಂಬಕ್ಕೆ ಬಿಗಿಯಾಗಿ ಸಿಮೆಂಟಿನಲ್ಲಿ ಕೂಡಿಸಿದ್ದು.

ಗೋಡೆ ಇದ್ದರೆ ಕಂಬಕ್ಕೆ ಬಲವಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಅರ್ಧ ಗೋಡೆ ಬಲವಲ್ಲ. ಕಬ್ಬಿನ ಇಡೀ ಜಲ್ಲೆಯನ್ನು ಹಿಡಿದು ಅಲುಗಿಸಿದರೆ ಬಾಗುತ್ತದೆ. ಅದನ್ನೇ ತುದಿಯ ಹತ್ತಿರ ಬಿಗಿಯಾಗಿ ಹಿಡಿದು ಮೇಲೆ ಉಳಿದ ಗಿಡ್ಡ ತುಂಡನ್ನು ತಳ್ಳಿದರೆ ಲಟಕ್ಕನೆ ಮುರಿಯುತ್ತದೆ. ಹನ್ನೊಂದು ಅಡಿಯ ಆ ಕಂಬಗಳಲ್ಲಿ ಏಳು ಅಡಿ ಗೋಡೆಯ ಹಿಡಿತದಲ್ಲಿತ್ತು. ಅಲುಗಾಡಲು ಉಳಿದದ್ದು ನಾಲ್ಕೇ ಅಡಿ. ಭೂಮಿ ನಡುಗಿದರೆ ಬಿಗಿ ಇರುವವನ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಆ ಆರು ಕಂಬಗಳು ಬಾಗುವ ಮೊದಲೇ ಓರೆಯಾಗಿ ಸೀಳುತ್ತವೆ.

ಕೂಡಲೇ ಹೊಸದಾಗಿ ಅಳತೆ ಕೊಟ್ಟೆ. ಆರು ಕಂಬಗಳ ಉದ್ದ ನಾಲ್ಕು ಅಡಿ, ಸೀಳುವ ಹಿಂಜ್. ದೂಡಲು ಶುರು ಮಾಡಿ ಸ್ವಲ್ಪ ಹೊತ್ತಿನಲ್ಲೇ ಆರೂ ಚುಕ್ಕೆ ಕೆಂಪಾದವು, ನಡುವೆ ಹಳದಿಯೇ ಇಲ್ಲ. ಮೂರು ಸಲ ಓಡಿಸಿದೆ. ಆ ಸಾಲಿನ ನೇರ ಮೇಲೆಯೇ ಅವರ ಅಡುಗೆಮನೆ. ನಾವು ಉಣ್ಣಲು ಕೂರುತ್ತಿದ್ದ ಜಾಗ.

ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಭಾನುವಾರ ಗಡಹಿಂಗ್ಲಜಕ್ಕೆ, ತಮ್ಮನ ಮನೆಗೆ ಹೋದೆ. ಅವನು ಕೇಳಿಸಿಕೊಂಡ, ಒಂದು ಕಣ್ಣು ಟಿ.ವಿ.ಯ ಮೇಲೆ ಇಟ್ಟುಕೊಂಡೇ.

"ಇಷ್ಟ ವರ್ಷ ನಿಂತೈತಲ್ಲ, ಇನ್ನೂ ನಿಲ್ಲತೈತಿ ಬಿಡ. ಛಲೋ ಮಂದಿ ಸಿಕ್ಕಾರ, ಅವರ ಕೂಡನೂ ಕೆಡಿಸ್ಕೋತಿಯೇನು?"

ಸಿಟ್ಟು ಬಂತು. ಸಿಟ್ಟು ಬಂದದ್ದು ಅವನು ತಪ್ಪು ಹೇಳಿದ್ದಕ್ಕಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನೂ ಅದನ್ನೇ ಯೋಚಿಸುತ್ತ ಬಂದಿದ್ದೆ. ಸುಮ್ಮನೆ ಸಹಿ ಮಾಡಿದರೆ ಶನಿವಾರದ ಊಟ ಉಳಿಯುತ್ತದೆ, ಮದುವೆಗೆ ನಾಲ್ಕು ದಿನ ಮೊದಲೇ ಹೋಗಬಹುದು. ಕೊಯ್ನಾ ಅಣೆಕಟ್ಟಿನ ಕಡೆಯಿಂದ ಆಗಾಗ ಭೂಮಿ ಸಣ್ಣಗೆ ನಡುಗಿ ನಮ್ಮ ಕಡೆಯ ಕಪಾಟಿನ ಪಾತ್ರೆಗಳು ಗಲಗಲ ಅನ್ನುವುದು ಬಿಟ್ಟರೆ ನಮಗೆ ಏನಾಗಿದೆ? ನನಗೆ ಅಂಥ ಆಸೆ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಮರುದಿನ ಮೊದಲ ಸಲ ಬೆಳಗಿನ ಬಸ್ಸಿಗೆ ಇಚಲಕರಂಜಿಗೆ ಹೋದೆ. ಅಣ್ಣಾರು ಆಗಷ್ಟೇ ಮಗ್ಗ ಹಚ್ಚಿಸಿ ಮೇಲೆ ಬಂದಿದ್ದರು. ಗೋಡೆಯ ವಿಷಯ ಹೇಳಿದೆ. ಮೇಲೆ ಮಜಲು ಏರಿಸುವುದಿರಲಿ, ಈಗ ಇರುವುದಕ್ಕೇ ಆ ಸಾಲು ಸಾಲದು ಅಂದೆ. ಗೋಡೆಯನ್ನು ಕಂಬದಿಂದ ಎರಡು ಬೆರಳು ಬಿಡಿಸಬೇಕು, ಆರು ಕಂಬಗಳಿಗೂ ಸುತ್ತ ಹೊಸ ಸಳಿ ಕಟ್ಟಿ ಕಾಂಕ್ರೀಟಿನ ಕವಚ ಹಾಕಬೇಕು, ಅಲ್ಲಿಯವರೆಗೆ ಆ ಬದಿಯ ಮಗ್ಗಗಳು ಬಂದ್. ಮದುವೆಯೊಳಗೆ ಮಜಲು ಆಗುವುದಿಲ್ಲ.

ಅಣ್ಣಾರು ತೋಳಿಗೆ ಅಂಟಿದ್ದ ಹತ್ತಿಯ ಎಳೆ ಕೊಡವಿಕೊಂಡರು. "ಫೋನಿನ್ಯಾಗ ಆಗತೈತಿ ಅಂದಿದ್ರಿ."

"ತಪ್ಪ ನಂದ್ರಿ ಅಣ್ಣಾರ. ಹಿಂದಿನ ಸಾಲ ನಾ ನೋಡಿರಲಿಲ್ಲ."

"ನಾಲ್ಕ ಸಲ ಬಂದ್ರಲ್ರಿ. ಯಾಕ ನೋಡಲಿಲ್ಲ?"

"ಅಷ್ಟರಾಗ ಊಟಕ್ಕ ಎದ್ದ ಬರತಿದ್ನಿ" ಎಂದು ಬಾಯಿಂದ ಬಂದೇ ಹೋಯಿತು.

ಬಾಗಿಲಲ್ಲಿ ಚಹಾ ಹಿಡಿದು ಆಯಿ ನಿಂತಿದ್ದರು. "ಅಂದ್ರ ನಮ್ಮ ಊಟ ಅಡ್ಡ ಬಂತೇನ್ರಿ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಡ್ಡ ಬಂದದ್ದು ನಿಮ್ಮ ಊಟವಲ್ಲ, ಆಯಿ, ಆ ಊಟದ ಮೇಲೆ ನನಗಿದ್ದ ಹಸಿವು. ಹೀಗೆ ಹೇಳಬೇಕಿತ್ತು. ಬೇರೆಯವರ ಕಂಬ ಎಲ್ಲಿ ಎಷ್ಟು ಹೊತ್ತಿಗೆ ಸೋಲುತ್ತದೆ ಎಂದು ಹಾಳೆಗಟ್ಟಲೆ ಬರೆಯುವವಳಿಗೆ ಅಷ್ಟು ಮಾತು ಆಡಲಾಗಲಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟೆ.

ಅವರು ದೊಡ್ಡ ಮನುಷ್ಯರು. ಬೇರೆ ಕಡೆಯಿಂದ ಸಹಿ ತಂದುಕೊಳ್ಳಬಹುದಿತ್ತು, ತರಲಿಲ್ಲ. ನಾನು ಹೇಳಿದ್ದನ್ನೆಲ್ಲ ಮಾಡಿಸಿದರು. ಹೊಸ ಮದುಮಕ್ಕಳಿಗೆ ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದರು. ಮದುವೆಯ ಪತ್ರಿಕೆ ನನಗೆ ಟಪಾಲಿನಲ್ಲಿ ಬಂತು, ಮೇಲೆ ನನ್ನ ಹೆಸರಿನ ಮುಂದೆ ಇಂಜಿನಿಯರ್ ಎಂದು ಬರೆದಿತ್ತು. ಅಕ್ಷತೆಯ ಹೊತ್ತಿಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು, ಕಾಳು ಎರಚಿ ಬಂದೆ.

ಕಂಬಗಳ ಕೆಲಸ ಮುಗಿದಿದೆ, ನೋಡಿ ಹೋಗಿ ಎಂದು ಅಣ್ಣಾರು ಹೇಳಿಕಳಿಸಿದಾಗ ಬೆಳಗಿನ ಬಸ್ಸು ಹಿಡಿಯಬೇಕೆಂದೇ ಇದ್ದೆ. ಯಾಕೋ ಮಧ್ಯಾಹ್ನದ್ದನ್ನು ಹಿಡಿದೆ. ಅದೂ ತಡವಾಯಿತು, ಶೆಡ್ಡು ಮುಟ್ಟುವಾಗ ಹೊತ್ತು ಮುಳುಗಲು ಒಂದು ತಾಸೂ ಇರಲಿಲ್ಲ. ಮೂಟೆಗಳಿರಲಿಲ್ಲ. ಹಿಂದಿನ ಸಾಲು ಹೊಸ ಕಾಂಕ್ರೀಟಿನಲ್ಲಿ ದಪ್ಪಗಾಗಿ ನಿಂತಿತ್ತು. ಗೋಡೆ ಮತ್ತು ಕಂಬದ ನಡುವಿನ ಬಿಡುವಿನಲ್ಲಿ ನನ್ನ ಎರಡು ಬೆರಳು ಸರಿಯಾಗಿ ಹೋದವು. ಗೋಡೆಯ ಮೇಲಿನ ತೆರಪಿನಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಒಂದು, ಎರಡು ಎಂದು ಅಳೆಯುತ್ತ ಹೋದೆ. ತಲೆಯ ಮೇಲೆ ತಾಟು ಇಡುವ ಸಪ್ಪಳವಾಯಿತು. ಮೂರನೆಯ ಕಂಬದ ಹತ್ತಿರ ಟೇಪು ಹಿಡಿದು ಸುಮ್ಮನೆ ನಿಂತೆ. ಮೆಟ್ಟಿಲಲ್ಲಿ ಯಾರೂ ಬರಲಿಲ್ಲ. ನಾಲ್ಕು, ಐದು, ಆರು. ಗಡಿಯಾರ ನೋಡಿದರೆ ಆರಕ್ಕೂ ಸೇರಿ ಇಪ್ಪತ್ತೈದು ನಿಮಿಷ ಹಿಡಿದಿತ್ತು.

ಟೇಪು ಸುತ್ತುವಾಗ ಆಯಿ ಕೆಳಗೆ ಬಂದರು. ತೆರಪಿನ ಬಿಸಿಲು ಹೋಗಿತ್ತು.

"ಕೆಲಸ ಮುಗೀತೇನ್ರಿ ಬಾಯಾರ?"

"ಮುಗೀತ್ರಿ ಆಯಿ."

"ಛಲೋ ಆತು. ಮತ್ತ ಅಡ್ಡ ಬರಬಾರದಂತ ನಿಮ್ಮನ್ನ ಊಟಕ್ಕ ಕರೀಲಿಲ್ರಿ. ನಾವೆಲ್ಲಾ ಉಂಡ್ವಿ."

ಕರೆಯಬೇಕಿತ್ತು ಅನ್ನುವ ಮಾತು ಬಾಯಿತನಕ ಬಂತು. ಹೊತ್ತು ಮುಳುಗಿತ್ತು. ಆ ಮನೆಯಲ್ಲಿ ಇನ್ನು ನಾಳೆ ಬೆಳಗಿನವರೆಗೆ ತಾಟು ಹಾಕುವುದಿಲ್ಲ.

"ಹೌದ್ರಿ," ಅಂದೆ.