ಮುಳ್ಳಿಲಿ ಜೀರಿಗೆಯ ಆಪರೇಷನ್

1968ರ ಆ ಗುರುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯಲಿಲ್ಲ. ಬಳ್ಳಾರಿ ಗಾಂಧಿನಗರದ ಬಾಡಿಗೆ ಮನೆಯಲ್ಲಿ ಗೃಹಿಣಿಯೆಂಬ ಹುದ್ದೆಗೆ ಸೇರಿ ನನಗೆ ಆರು ವರ್ಷವಾಗಿತ್ತು. ಐದೂವರೆಗೆ ಒಲೆ ಹೊತ್ತಿಸುವುದು, ಹಾಲು ಕಾಯಿಸುವುದು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವುದು ನಿತ್ಯದ ಕ್ರಮ. ಆ ದಿನ ಹಾಲು ಕಾಯಿಸಿ, ಸದ್ದಾಗದಂತೆ ಉಪ್ಪಿಟ್ಟು ಕೆದಕಿದೆ. ಪಕ್ಕದ ಮನೆಯ ಗಂಗಮ್ಮ ಗೋಡೆಯಾಚೆಯಿಂದ ಕೂಗಿದಳು: “ಅಕ್ಕಾರ, ಇವತ್ತು ನಿಮ್ಮ ರೊಟ್ಟಿ ಸಪ್ಪಳ ಇಲ್ಲಲ್ರೀ? ಆರಾಮ ಅದೀರಿಲ್ಲೊ?”

“ಅದೀನ್ರೀ. ಜೀರಿಗೀಗೆ ಉಪಾಸ ಐತಿ.”

ಜೀರಿಗೆ ನಮ್ಮ ಮುಳ್ಳಿಲಿ. ಮುಳ್ಳುಹಂದಿಯ ಜಾತಿ ಬೇರೆ. ಇದು ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ಬೆನ್ನ ತುಂಬ ಗಿಡ್ಡ ಮುಳ್ಳು, ಹೆದರಿದರೆ ಚೆಂಡಾಗುತ್ತದೆ. ನಮ್ಮ ಯಜಮಾನರು ಕಾಲುವೆ ಕೆಲಸದ ಓವರ್‌ಸಿಯರ್. ಎರಡು ವರ್ಷದ ಹಿಂದೆ ಕುರುಗೋಡಿನ ಬಳಿ ಕಳ್ಳಿ ಬೇಲಿ ಕಡಿಸುವಾಗ ಸಿಕ್ಕ ಎರಡು ಮರಿಗಳನ್ನು ಟಿಫಿನ್ ಡಬ್ಬಿಯಲ್ಲಿ ತಂದಿದ್ದರು. ಅಂಥ ಪ್ರಾಣಿಯನ್ನು ಅದರ ಪಾಡಿಗೆ ಬಿಡಬೇಕೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ಅಕ್ಕತಂಗಿಯರಿಗೆ ಜೀರಿಗೆ, ಸಾಸಿವೆ ಎಂದು ಹೆಸರಿಟ್ಟೆ. ರೊಟ್ಟಿ ಬಡಿಯುವ ಹೊತ್ತಿಗೇ ನಾನು ಅವಕ್ಕೆ ಮಿಡತೆ, ಹುಳು ಹಾಕುತ್ತಿದ್ದುದರಿಂದ, ಆ ಸದ್ದು ಕೇಳಿದರೆ ಸಾಕು, ಎಂಥ ನಿದ್ದೆಯಲ್ಲಿದ್ದರೂ ಬುಟ್ಟಿಯಿಂದ ಇಳಿದು ಒಲೆಯ ಬಳಿ ಬರುತ್ತಿದ್ದವು.

ಹಿಂದಿನ ತಿಂಗಳು ಸಾಸಿವೆ ರಕ್ತ ಹೋಗಿ ಸತ್ತಿತು. ಪಶು ಆಸ್ಪತ್ರೆಯ ಡಾಕ್ಟರು ಅದರ ಹೊಟ್ಟೆ ತೆರೆದು ನೋಡಿ, ಗರ್ಭಕೋಶದಲ್ಲಿ ಗಂಟು ಬೆಳೆದಿತ್ತೆಂದರು. ಜೀರಿಗೆಗೂ ಬರಬಹುದು, ಬಾರದೆಯೂ ಇರಬಹುದು. ಗಂಟು ಬರುವ ಮುನ್ನವೇ ಗರ್ಭಕೋಶ ತೆಗೆದುಬಿಡುವುದು ಒಂದು ದಾರಿ. ಅದಕ್ಕೆ ಪ್ರಿವೆಂಟಿವ್ ಸರ್ಜರಿ ಎನ್ನುತ್ತಾರೆ ಎಂದು ತಿಳಿಸಿ, ಖಾಲಿ ಹೊಟ್ಟೆಯಲ್ಲಿ ಕರೆತರಲು ಹೇಳಿದ್ದರು. ಯಜಮಾನರು ಸಿರುಗುಪ್ಪದ ಕ್ಯಾಂಪಿಗೆ ಹೊರಡುವಾಗ “ನಿನ್ನ ಕೂಸು, ನೀನ ನೋಡು” ಎಂದು ಹೋಗಿದ್ದರು.

ಹತ್ತು ಗಂಟೆಗೆ ಬುಟ್ಟಿ ಹಿಡಿದು ಹೋದಾಗ ಆಸ್ಪತ್ರೆಯ ಅಂಗಳದಲ್ಲಿ ಎತ್ತುಗಳ ಸಾಲು. ರೈತನೊಬ್ಬ ಬುಟ್ಟಿಯೊಳಗೆ ಇಣುಕಿ, “ಯವ್ವಾ, ಇದಕ ಮೂಗುದಾರ ಎಲ್ಲಿ ಹಾಕ್ತೀ?” ಎಂದು ನಕ್ಕ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ನಾಯಿಗೆ ಬೇಕಾದಷ್ಟು ಮಾಡೀನ್ರಿ. ಮೊಲಕ್ಕ ಎರಡು ಸರ್ತಿ. ಇದಕ್ಕ ಮಾಡಿಲ್ಲ. ತೂಗೋದ ಕಾಲು ಕಿಲೋ. ಈಥರ್ ಒಂದೆರಡು ಹನಿ ಹೆಚ್ಚಾದ್ರ ಏಳಂಗಿಲ್ಲ.” ಈಥರ್ ಎಂದರೆ ಹತ್ತಿಗೆ ಹಾಕಿ ಮೂಸಿಸುವ ಮತ್ತಿನ ಔಷಧ.

“ಮಾಡದಿದ್ರ?”

“ಆರಾಮ ಇರಬೌದು. ಸಾಸಿವೀಗೆ ಆದಂಗ ಆಗಬೌದು. ಮೊದಲ ಎದಿ ಕೇಳ್ತೀನಿ. ಎದಿ ಗಟ್ಟಿ ಇಲ್ಲಂದ್ರ ನೀವು ಮಾಡಂದ್ರೂ ನಾ ಮಾಡಂಗಿಲ್ಲ.”

ಎದೆ ಕೇಳುವುದೆಲ್ಲಿ? ಟೇಬಲ್ಲಿನ ಮೇಲೆ ಬರೀ ಮುಳ್ಳಿನ ಚೆಂಡು. ಕಂಪೌಂಡರ್ ಖಾಜಾ ಸಾಬರು ಚಮಚೆಯ ಹಿಡಿಯಿಂದ ಬಿಡಿಸಲು ಹೋಗಿ ಬೆರಳು ಚುಚ್ಚಿಸಿಕೊಂಡರು. “ಯಾ ಅಲ್ಲಾ! ಟೆಂಗಿನಕಾಯಿ ಒಡದಂಗ ಒಡೀಬೇಕೇನ್ರೀ ಇದನ್ನ?”

ಆಗ ನನಗೆ ಹೊಳೆಯಿತು. ಉಪವಾಸದ ದಿನ ಆಸೆ ತೋರಿಸಬಾರದೆಂದು ನಾನೇ ಸದ್ದು ನಿಲ್ಲಿಸಿದ್ದೆ. ಜೀರಿಗೆಯ ಪಾಲಿಗೆ ಇನ್ನೂ ಬೆಳಗೇ ಆಗಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಡೆಸ್ಕು ಬಡಿದರೆ ಸಿಸ್ಟರ್ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಆ ಅಳುಕು ಬೆರಳಲ್ಲಿ ಇನ್ನೂ ಇತ್ತು. ಆದರೂ ಸೆರಗು ಸಿಕ್ಕಿಸಿ, ಟೇಬಲ್ಲಿನ ಹಲಗೆಯ ಮೇಲೆ ರೊಟ್ಟಿ ಬಡಿಯುವಂತೆ ಅಂಗೈಯಿಂದ ಬಡಿದೆ. ತಪ್ ತಪ್, ಒಂದು ತಿರುವು. ತಪ್ ತಪ್, ಒಂದು ತಿರುವು.

ಮೊದಲು ಮುಳ್ಳುಗಳು ಒರಗಿದವು. ನಡುವಿನ ಸೀಳಿನಿಂದ ಒದ್ದೆ ಮೂಗು ಬಂತು. ಆಮೇಲೆ ಒಂದು ಪಾದ, ಅದರ ಐದು ಬೆರಳು. ಎದ್ದು ನನ್ನ ಕೈಯತ್ತ ನಡೆದೇ ಬಂತು. ಡಾಕ್ಟರು ಮೆಲ್ಲಗೆ ಅಂಗೈಗೆ ತೆಗೆದುಕೊಂಡು ಎದೆಗೆ ಸ್ಟೆತಸ್ಕೋಪ್ ಇಟ್ಟರು; ಅದರ ಬಿಲ್ಲೆಯೇ ಎದೆಗಿಂತ ಅಗಲ. ಬಹಳ ಹೊತ್ತು ಕೇಳಿ, ನನ್ನ ಕಿವಿಗೆ ಕೊಟ್ಟರು. ಸಿರುಗುಪ್ಪದ ಅಕ್ಕಿ ಗಿರಣಿಯನ್ನು ದೂರದ ಗದ್ದೆಯಿಂದ ಕೇಳಿದಂತಿತ್ತು. ಎಣಿಸಲು ಸಿಗದಷ್ಟು ಬಿರುಸು. ಬೋಳು ಹೊಟ್ಟೆಯ ತೆಳು ಚರ್ಮ ಆ ಬಡಿತಕ್ಕೆ ಅಲುಗುತ್ತಿತ್ತು. ಇಷ್ಟು ದೊಡ್ಡ ಕೆಲಸ ಎರಡು ವರ್ಷದಿಂದ ನನ್ನ ಒಲೆಯ ಪಕ್ಕದಲ್ಲೇ ನಡೆದಿತ್ತು!

“ಎದಿ ಗಟ್ಟಿ ಐತಿ. ಈಗ ನೀವು ಹೇಳ್ರಿ.”

ಸಾಸಿವೆ ಕೊನೆಯ ದಿನ ತಲೆಯೆತ್ತಲೂ ಆಗದೆ ಮಲಗಿದ್ದು ನೆನಪಾಯಿತು. ಆಗ ಅದು ಯಾವ ಈಥರನ್ನೂ ತಾಳಿಕೊಳ್ಳುತ್ತಿರಲಿಲ್ಲ. ಈ ಗಟ್ಟಿ ಎದೆ ಇರುವುದು ಇವತ್ತು. “ಮಾಡ್ರಿ” ಎಂದೆ.

ಆಕಳ ಹೊಟ್ಟೆಯೊಳಗೆ ಭುಜದವರೆಗೆ ತೋಳು ಹಾಕಿ ಕರು ಎಳೆಯುವ ಕೈಗಳು ಡಾಕ್ಟರವು. ನನ್ನ ಕಸೂತಿ ದಾರಕ್ಕಿಂತ ಸಣ್ಣ ಎಳೆಯಲ್ಲಿ ಹೊಲಿಗೆ ಹಾಕುವುದನ್ನು ನೋಡಿದೆ. ಹೊರತೆಗೆದದ್ದನ್ನು ಬಟ್ಟೆಯ ಮೇಲಿಟ್ಟು ತೋರಿಸಿದರು. ಮಲ್ಲಿಗೆ ತೊಟ್ಟಿನಂಥ ಸಣ್ಣ ಕವಲು. “ಚೊಕ್ಕ ಐತ್ರಿ. ಗಂಟಿಲ್ಲ.”

“ಹಂಗಾದ್ರ ಸುಮ್ನ ಮಾಡಿಸಿದೆನೇನ್ರಿ?”

“ಅದು ಇನ್ನ ಎಂದೂ ಗೊತ್ತಾಗಂಗಿಲ್ಲ, ತಾಯಿ. ಎರಡು ತಾಸಿನ್ಯಾಗ ಏಳಬೇಕು. ನೋಡ್ಕೊಳ್ರಿ.”

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಜೊತೆಯಲ್ಲಿತ್ತು. ಅಕ್ಕಿಯಿಂದ ಆರಿಸಿ ಎಸೆದ ಕಲ್ಲು ಯಾರ ಹಲ್ಲಿಗೂ ಸಿಗುವುದಿಲ್ಲ. ಆರಿಸಿದವಳ ಕೆಲಸ ಊಟದಲ್ಲಿ ಕಾಣುವುದೂ ಇಲ್ಲ. ಮುಚ್ಚಿಟ್ಟ ಹಾಲು, ಬಿಸಿಲಿಗೆ ಹಾಕಿದ ಬೇಳೆ, ಎಲ್ಲವೂ ಹಾಗೇ. ನನ್ನ ಹುದ್ದೆಯ ಬಹುಪಾಲು ಇಂಥದ್ದೇ ಎಂಬುದನ್ನು ನನಗೆ ಕಲಿಸಿದ್ದು ಆ ಎತ್ತಿನ ಡಾಕ್ಟರು.

ಎರಡು ತಾಸು ಕಳೆಯಿತು. ಗಂಟೆ ಐದಾಯಿತು, ಆರಾಯಿತು. ಜೀರಿಗೆ ಹತ್ತಿಯ ಮೇಲೆ ಸಡಿಲವಾಗಿ ಬಿದ್ದಿತ್ತು. ಮೂಗಿನ ಬಳಿ ಹಿಡಿದ ಹತ್ತಿಯ ಎಳೆ ಅಲುಗುವುದೊಂದೇ ಅದು ಬದುಕಿರುವ ಗುರುತು. ಬುಟ್ಟಿಯನ್ನು ಒಲೆಯ ಬಳಿ ಇಟ್ಟು ಹಿಟ್ಟು ನಾದಿದೆ. ಒಂದು ರೊಟ್ಟಿ ಬಡಿದೆ, ಬೇಯಿಸಿದೆ, ಬುಟ್ಟಿ ನೋಡಿದೆ. ಇನ್ನೊಂದು. ಮತ್ತೊಂದು. ಹಿಟ್ಟು ಮುಗಿದು, ಡಬ್ಬಿ ಕೆರೆದು, ಮತ್ತೆ ನಾದಿದೆ. ಅಂಗೈ ಕೆಂಪಾಯಿತು. ನಿಲ್ಲಿಸಲು ಧೈರ್ಯವಾಗಲಿಲ್ಲ.

ಕೊನೆಯ ಮುದ್ದೆಯನ್ನು ಬಡಿಯುತ್ತಿದ್ದಾಗ ಹತ್ತಿಯ ಮೇಲೆ ಒದ್ದೆ ಮೂಗು ಮೇಲೆದ್ದಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಗಾಳಿ ಮೂಸಿ, ನಾನಿರುವ ಕಡೆ ತಿರುಗಿತು.

ಗೋಡೆಯಾಚೆಯಿಂದ ಗಂಗಮ್ಮನ ದನಿ ಬಂತು: “ಯಾವ ಬೀಗರು ಬಂದಾರ್ರೀ ಅಕ್ಕಾರ? ಓಣಿ ಉಣ್ಣಂಗ ಬಡಿಯಾಕತ್ತೀರಿ! ಉಳದ್ರ ಎರಡು ಈ ಕಡಿ ಕೊಡ್ರಿ, ನಾ ಒಲಿ ಹಚ್ಚಂಗಿಲ್ಲ.”