ಅಜ್ಜನ ಟ್ರಂಕಿನ ನಾಣ್ಯಗಳು

ಇವತ್ತು ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ, ಆ ವಾಸನೆ ನನ್ನನ್ನು ರಾಯಬಾಗದ ನಮ್ಮ ಹಿತ್ತಲಿಗೆ ಒಯ್ದಿತು. ಅಜ್ಜ ತೀರಿಕೊಂಡ ಮೇಲೆ ಅವನ ಟ್ರಂಕಿನಲ್ಲಿ ಸಿಕ್ಕ ನಾಣ್ಯಗಳನ್ನು ಅಜ್ಜಿ ಅಲ್ಲಿ ಕೂತು ಹೀಗೆಯೇ ತಿಕ್ಕಿದ್ದಳು. ಅವುಗಳ ಅಂಚು ಹೂವಿನ ಎಸಳಿನಂತಿತ್ತು, ಅಕ್ಷರ ನಮಗ್ಯಾರಿಗೂ ತಿಳಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಅಜ್ಜ ಸೈನ್ಯ ಸೇರಿ, ಹಡಗು ಹತ್ತಿ ಯುದ್ಧಕ್ಕೆ ಹೋಗಿ ಬಂದಿದ್ದ. ಎಲ್ಲಿಗೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ಅಜ್ಜಿ ನನ್ನನ್ನು ಕರೆದುಕೊಂಡು ಓಣಿಯ ಮೌಲ್ವಿ ಸಾಹೇಬರ ಮನೆಗೆ ಹೋದಳು. ಅವರು ಕನ್ನಡಕ ಏರಿಸಿ ಆ ಅರಬ್ಬಿ ಅಕ್ಷರ ಓದಿದರು.

"ಇದು ಇರಾಕ್ ದೇಶದ್ದು ಐತ್ರಿ ಅಮ್ಮಾ. ಆ ಕಡೆ ಭಾಳ ಮರಳುಗಾಡು. ಕುಡಿಯೋ ನೀರಿಗೂ ತ್ರಾಸು."

ಅಜ್ಜಿ ನಾಣ್ಯವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. "ಅದಕ್ಕ ನೋಡ್ರಿ, ಒಂದು ಗುಟುಕು ನೀರು ಚೆಲ್ಲಿದ್ರೂ ಅವರು ಸಿಟ್ಟಿಗೇಳ್ತಿದ್ರು. ನಾ ಜಿಪುಣ್ರು ಅನ್ಕೊಂಡಿದ್ದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದೆ ರೇಡಿಯೋ ವಾರ್ತೆಯಲ್ಲಿ ಇರಾಕಿನ ಹೆಸರು ಬಂದರೆ ಸಾಕು, "ಗದ್ದಲ ಮಾಡಬ್ಯಾಡ್ರಿ, ನಿಮ್ಮಜ್ಜ ಇದ್ದ ಊರಿನ ಸುದ್ದಿ ಬರಾಕತ್ತೈತಿ," ಎಂದು ನಮ್ಮನ್ನೆಲ್ಲ ಗದರುತ್ತಿದ್ದಳು.

ಈಗ ಅಜ್ಜಿಯೂ ಇಲ್ಲ. ಟಿವಿಯಲ್ಲಿ ಆ ದೇಶದ ಹೆಸರು ಕೇಳಿದರೆ, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಲ್ಲುತ್ತೇನೆ.