ಸೋಮಪ್ಪ ಹೆದರಿ ಓಡಲಿಲ್ಲವೇ?

“ಸೊರಬದ ಕಡೆಯ ಸೋಮಪ್ಪ ಕೊನೆಯ ಓಟಕ್ಕೆ ಹೆದರಿ ಹಿಂದೆ ಸರಿದ” ಎಂದು ಶಿಕಾರಿಪುರದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಎಷ್ಟು ಜನ ಆ ದಿನ ಮೈದಾನದಲ್ಲಿದ್ದರು? ನಾನಿದ್ದೆ.

ಅದು ಶಾಲಾ ಹುಡುಗರ ನೂರು ಗಜದ ಓಟ. ಗೆದ್ದವನು ಶಿವಮೊಗ್ಗದ ಕ್ರೀಡಾಕೂಟಕ್ಕೆ ಹೋಗಬೇಕಿತ್ತು. ಬೆಳಗಿನ ಸುತ್ತಿನಲ್ಲಿ ಸೋಮಪ್ಪನೇ ಮೊದಲಿಗ. ಸಂಜೆ ಅವನು ಸುಣ್ಣದ ಗೆರೆಗೆ ಬೆರಳೂರಿ ಕೂತಾಗ, ಅವನ ಊರು ಮಂಗನ ಕಾಯಿಲೆ ಎದ್ದಿದ್ದ ಕ್ಯಾಸನೂರಿನ ಪಕ್ಕದ್ದೆಂದು ಯಾರೋ ಕೂಗಿದರು. ಓಟ ನಡೆಸುತ್ತಿದ್ದ ಡ್ರಿಲ್ ಮೇಷ್ಟ್ರು ಓಡಿಬಂದರು.

“ಏಯ್, ಆಚೆ ನಿಲ್ಲೋ! ನಿಮ್ಮ ಕಡೆ ಮಂಗ ಸಾಯ್ತಾ ಇದಾವಂತೆ, ಜನಾನೂ ಸಾಯ್ತಾ ಇದಾರಂತೆ. ಉಳಿದ ಹುಡುಗ್ರಿಗೂ ಅಂಟಿಸ್ತೀಯಾ?”

“ಕಾಯಿಲೆ ಇದ್ದಿದ್ರೆ ಬೆಳಗ್ಗೆ ಹೆಂಗ್ ಗೆಲ್ತಿದ್ದೆ ಸಾರ್?”

ಮೇಷ್ಟ್ರು ಕೈಬೀಸಿ ಅವನನ್ನು ಗೆರೆಯಿಂದಾಚೆ ಕಳಿಸಿದರು. ಅವನಿಲ್ಲದೆ ಓಟ ನಡೆಯಿತು, ಬೇರೊಬ್ಬ ಆಯ್ಕೆಯಾದ. ಆ ಮಧ್ಯಾಹ್ನ ಪಂಕ್ತಿಯಲ್ಲಿ ನಮಗೆಲ್ಲ ಬಡಿಸಿದವನು ಇದೇ ಸೋಮಪ್ಪ. ಅವನ ಕೈಯಿಂದ ಎರಡೆರಡು ಸಲ ಚಿತ್ರಾನ್ನ ಹಾಕಿಸಿಕೊಂಡವರು ಇದೇ ಮೇಷ್ಟ್ರು. ಬಡಿಸಿದರೆ ಅಂಟದ ರೋಗ ಓಡಿದರೆ ಅಂಟುತ್ತದೆಂಬುದು ಯಾವ ಸೀಮೆಯ ತರ್ಕ?

ಜನ ಚದುರುವಾಗ ಸೋಮಪ್ಪ ಒಬ್ಬನೇ ಗೆರೆಯ ಬಳಿಗೆ ಹೋದ. “ಸಾರ್, ನಾ ಓಡ್ತೀನಿ, ವಾಚ್ ನೋಡ್ರಿ, ಅಷ್ಟೇ ಸಾಕು” ಎಂದು ಕೂಗಿ ಓಡಿದ. ಅಂಥ ಓಟವನ್ನು ನಾನು ಕಂಡಿರಲಿಲ್ಲ. ಮೇಷ್ಟ್ರು ಬೆನ್ನು ತಿರುಗಿಸಿ ನಿಂತಿದ್ದರು.

ಈಗ ಅವನು ಓಟ ಬಿಟ್ಟಿದ್ದಾನೆ. ಪುಕ್ಕಲನೆಂಬ ಹೆಸರು ಅವನನ್ನು ಬಿಟ್ಟಿಲ್ಲ. ಮೇಷ್ಟ್ರೇ, ವಾಚು ನಿಮ್ಮ ಕೈಯಲ್ಲೇ ಇತ್ತು. ಖಾಲಿ ಮೈದಾನದಲ್ಲಿ ಒಬ್ಬನೇ ಓಡುವವನಿಂದ ಯಾರಿಗೆ ಏನು ಅಂಟುತ್ತಿತ್ತು?